ಯಾರ ಕಾಲೂ ಹಿಡಿಯದ ಮನೆ

“ಇವತ್ತಿನಿಂದ ಈ ಮನೇಲಿ ಯಾರೂ ಯಾರ ಕಾಲೂ ಹಿಡಿಯೋ ಹಾಗಿಲ್ಲ!”

ದಾರ್ ಎಸ್ ಸಲಾಮಿನ ಜಕಾರಿಯ ಮೇಷ್ಟ್ರು ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ, ಅವರ ಹೊಸ ಪುಸ್ತಕ ಅಚ್ಚಿನ ಮನೆಯಿಂದ ಬಂದು ಇನ್ನೂ ಬಿಸಿ ಆರಿರಲಿಲ್ಲ. ಗುದ್ದಿದ ಏಟಿಗೆ ಕಾಳಿನ ಸಾರು ತುಳುಕಿ ಅವರ ಅಂಗಿಯ ಮೇಲೇ ಬಿತ್ತು. ಕ್ರಾಂತಿಕಾರಿಗಳು ಇಂಥದ್ದಕ್ಕೆಲ್ಲ ಅಂಜುವವರಲ್ಲ. ಮೇಷ್ಟ್ರು ಅಂಗಿ ಒರೆಸಿಕೊಳ್ಳದೆ ಮುಂದುವರಿದರು.

“ಶಿಕಮೂ! ದಿನಾ ಬೆಳಗಾದ್ರೆ ದೊಡ್ಡೋರನ್ನ ಕಂಡು ಶಿಕಮೂ ಅಂತೀವಿ. ಅಂದ್ರೇನು? ‘ನಿಮ್ಮ ಕಾಲು ಹಿಡಿದೆ’ ಅಂತ! ಆ ದೊಡ್ಡೋರು ಗತ್ತಿನಿಂದ ‘ಮರಹಬ’ ಅಂತಾರೆ. ಹಿಡಿ, ಪರವಾಗಿಲ್ಲ ಅಂತ! ಮನೇಲಿ ಕಾಲು ಹಿಡಿಯೋದು ಕಲಿತ ಮಗು ಶಾಲೇಲಿ ಪ್ರಶ್ನೆ ಕೇಳುತ್ತಾ? ನಾಳೆ ಮಂತ್ರೀನ ಲೆಕ್ಕ ಕೇಳುತ್ತಾ?”

ಇದು ಅವರ ಪುಸ್ತಕದ ಏಳನೇ ಅಧ್ಯಾಯ. ಪುಸ್ತಕದ ಹೆಸರು ‘ಬೆನ್ನು ಬಾಗಿಸುವ ವಿದ್ಯೆ’. ರಾಜಕೀಯ, ಚರಿತ್ರೆ, ಶಿಕ್ಷಣ, ಸಾಮಾಜಿಕ ನ್ಯಾಯ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದ ಪುಸ್ತಕ. ಹಿಂಬದಿ ರಕ್ಷಾಪುಟದ ಮೇಲೆ ಮೇಷ್ಟ್ರ ಫೋಟೋ: ಎದೆ ಉಬ್ಬಿಸಿ, ಮುಷ್ಟಿ ಬಿಗಿಹಿಡಿದು, ಬೆನ್ನು ಕಂಬದ ಹಾಗೆ ನೆಟ್ಟಗೆ ಮಾಡಿ ನಿಂತಿದ್ದಾರೆ. ಮೇಷ್ಟ್ರು ಇಂಥ ಪುಸ್ತಕಗಳನ್ನು ಬರೆಯುವುದಷ್ಟೇ ಅಲ್ಲ, ಬೇರೆಯವರದ್ದನ್ನೂ ತಾವೇ ಅಚ್ಚು ಹಾಕಿಸಿ ಮಾರುತ್ತಿದ್ದರು. ಮಾರುತ್ತಿದ್ದರು ಎನ್ನುವುದು ಅವರ ಮಾತು. ಹೆಂಡತಿ ನಮ್ಸಿಫು ಹೇಳುವ ಪ್ರಕಾರ, ಮನೆಯಲ್ಲಿ ಪೇರಿಸಿಡುತ್ತಿದ್ದರು.

ನಮ್ಸಿಫು ಆಸ್ಪತ್ರೆಯಲ್ಲಿ ನರ್ಸು. ಇಂಜೆಕ್ಷನ್ ಕೊಡುವಾಗಲೂ ಮಾತಾಡುವಾಗಲೂ ಆಕೆಯ ಮುಖದಲ್ಲಿ ಒಂದೇ ಶಾಂತಿ.

“ಹಾಗಾದ್ರೆ ಮಕ್ಕಳು ದೊಡ್ಡೋರನ್ನ ಕಂಡ್ರೆ ಏನನ್ನಬೇಕು, ಉಪೆಂಡೋ ಅಪ್ಪಾ?”

“ಮಾಂಬೋ ಅನ್ಲಿ! ಏನ್ ಸಮಾಚಾರ ಅಂತ ಗೆಳೆಯರು ಗೆಳೆಯರನ್ನ ಕೇಳ್ತಾರಲ್ಲ, ಹಾಗೆ!”

“ನಮ್ಮಮ್ಮ ಬಂದ್ರೂ ಅದೇನಾ?”

ಮೇಷ್ಟ್ರ ಕ್ರಾಂತಿ ಒಂದು ಕ್ಷಣ ಉಗುಳು ನುಂಗಿತು. “ನಿಮ್ಮಮ್ಮ... ಅವರಿಗೆ ಮೊದಲು ಪುಸ್ತಕ ಓದಿಸೋಣ.”

ದೊಡ್ಡ ಮಗಳು ಉಪೆಂಡೋ ಕೆಲಸಕ್ಕೆ ಹೋಗುವವಳು, ಲೋಕ ಕಂಡವಳು. ಅಪ್ಪನ ಇಂಥ ಘೋಷಣೆಗಳನ್ನು ಎಷ್ಟೋ ಕೇಳಿದ್ದಳು, ಸುಮ್ಮನೆ ಊಟ ಮಾಡಿದಳು. ಚಿಕ್ಕವಳು ಸಿಫಾಳ ಕಣ್ಣು ಮಾತ್ರ ಹೊಳೆಯಿತು. ಎಂಟು ವರ್ಷದ ಹುಡುಗಿ, ಬೆಳಗಿನಿಂದ ಸಂಜೆಯವರೆಗೆ ಬೀದಿಯ ಅಷ್ಟೂ ಹಿರಿಯರಿಗೆ ಶಿಕಮೂ ಹೇಳಿ ಹೇಳಿ ದಣಿದಿದ್ದಳು ಪಾಪ.

“ಅಪ್ಪಾ, ನಿಮಗೂ ಮಾಂಬೋ ಅನ್ನಬಹುದಾ?”

“ಅನ್ನಬಹುದೇನು, ಅನ್ನಲೇಬೇಕು!”

ಮರುದಿನ ಬೆಳಗ್ಗೆ ಮೇಷ್ಟ್ರು ಚಹಾದ ಲೋಟ ತುಟಿಗಿಟ್ಟಿದ್ದರು. ಸಿಫಾ ಎದುರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ಮಾಂಬೋ, ಜಕಾರಿಯ!” ಎಂದಳು. ಚಹಾ ಮೂಗಿಗೆ ಏರಿತು. ಕೆಮ್ಮು ನಿಂತ ಮೇಲೆ, ಪುಸ್ತಕದಲ್ಲಿ ತಾನೇ ಬರೆದದ್ದು ನೆನಪಾಗಿ, “ಪೋವಾ... ಚೆನ್ನಾಗಿದೀನಮ್ಮಾ” ಎಂದರು. ನಮ್ಸಿಫು ಗೋಡೆಯ ಕಡೆ ತಿರುಗಿ ನಿಂತಳು. ಹೆಗಲು ಮಾತ್ರ ಕುಲುಕುತ್ತಿತ್ತು.

ಆ ವಾರ ಸಿಫಾ ಏಳನೇ ಅಧ್ಯಾಯವನ್ನು ಹೊತ್ತು ಬೀದಿಗಿಳಿದಳು. ಪಾದ್ರಿಗಳಿಗೆ ಮಾಂಬೋ! ಮುಖ್ಯೋಪಾಧ್ಯಾಯಿನಿಗೆ ಮಾಂಬೋ! ಮೂಲೆಯಲ್ಲಿ ಮಂದಾಜಿ ಎಂಬ ಸಿಹಿ ಬೋಂಡ ಕರಿಯುವ ಅಜ್ಜಿಗೂ ಮಾಂಬೋ! ಅಜ್ಜಿ ಜಾಲರಿ ಸೌಟು ಹಿಡಿದುಕೊಂಡೇ ಮೇಷ್ಟ್ರ ಬಾಗಿಲಿಗೆ ಬಂದರು.

“ಮೇಷ್ಟ್ರೇ, ನಿಮ್ಮ ಕೂಸು ನನ್ನ ಜೊತೆ ಆಡಿ ಬೆಳೆದಿದ್ದಾ? ನನ್ನನ್ನೇ ಏನ್ ಸಮಾಚಾರ ಅಂತ ಕೇಳ್ತಾಳಲ್ಲ!”

“ಅಜ್ಜೀ, ಚರಿತ್ರೆ ಮುಂದಕ್ಕೆ ಹೋಗ್ತಾ ಇದೆ.”

“ಹೋಗ್ಲಿ. ಹೋಗೋ ದಾರೀಲಿ ನನ್ನ ಅಂಗಡಿಗೆ ಬರೋದು ಬೇಡ!”

ಅಂದಿನಿಂದ ಮನೆಗೆ ಮಂದಾಜಿ ಬಂದ್. ಮೇಷ್ಟ್ರು ಬರಿಯ ಚಹಾ ಕುಡಿಯುತ್ತ, ದೊಡ್ಡ ಚಳವಳಿಗೆ ಇದೆಲ್ಲ ಸಣ್ಣ ತ್ಯಾಗ ಎಂದು ಸಮಾಧಾನ ಮಾಡಿಕೊಂಡರು.

ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಉಪೆಂಡೋ ಸುದ್ದಿ ತಂದಳು. ಅವಳೂ ಎಜ್ರಾ ಎಂಬ ಹುಡುಗನೂ ಒಬ್ಬರನ್ನೊಬ್ಬರು ಮೆಚ್ಚಿ ವರ್ಷಗಳೇ ಆಗಿದ್ದವು. ಹುಡುಗನ ಮನೆಯಲ್ಲಿ ಕೊನೆಯ ಮಾತು ಅವನ ತಾತ ಶೆಕಿಯೊಂಡೋ ಅವರದು. ಆ ಹಿರಿಯರೇ ಬೆಟ್ಟದೂರಿನಿಂದ ಇಳಿದು ಶನಿವಾರ ಹೆಣ್ಣಿನ ಮನೆ ನೋಡಲು ಬರುತ್ತಿದ್ದಾರೆ. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ.

“ಬರ್ಲಿ, ಸಂತೋಷ!” ಎಂದರು ಮೇಷ್ಟ್ರು.

“ಅಪ್ಪಾ, ಎಜ್ರಾ ಒಂದು ಮಾತು ಹೇಳಿದಾನೆ. ತಾತ ಯಾರ ಮನೆಗೆ ಹೋದ್ರೂ ನೋಡೋದು ಒಂದೇ ಅಂತೆ. ಆ ಮನೆಯೋರು ಹಿರಿಯರನ್ನ ಹೇಗೆ ಮಾತಾಡಿಸ್ತಾರೆ ಅಂತ. ಸರಿ ಕಾಣದಿದ್ರೆ ಚಹಾ ಕೂಡ ಮುಟ್ಟದೆ ಎದ್ದು ಬರ್ತಾರಂತೆ.”

ಎಲ್ಲರ ಕಣ್ಣೂ ಸಿಫಾಳ ಮೇಲೆ. ಸಿಫಾ ಬೆರಳು ನೆಕ್ಕುತ್ತಿದ್ದಳು.

“ನಿಮ್ಮ ಪುಸ್ತಕಕ್ಕೆ ನನ್ನ ಮದುವೆ ಬಲಿ ಕೊಡ್ಬೇಡಿ ಅಪ್ಪಾ” ಎಂದಳು ಉಪೆಂಡೋ. ಮೇಷ್ಟ್ರಿಗೆ ಮಗಳ ಕಣ್ಣಲ್ಲಿ ನೀರು ಕಂಡಿತು. ಪುಸ್ತಕ ಇನ್ನೊಂದು ಬರೆಯಬಹುದು, ಉಪೆಂಡೋ ಇನ್ನೊಬ್ಬಳಿಲ್ಲ. ಆ ಕ್ಷಣವೇ ಅವರು ಏಳನೇ ಅಧ್ಯಾಯವನ್ನು ಬಿಟ್ಟುಕೊಟ್ಟರು.

ಅಲ್ಲಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಜಾರದ ಕಪಾಟಿನ ಪುಸ್ತಕಗಳನ್ನು ನೋಡಿದರೆ ಸಾಕು, ಹಿರಿಯರು ಹೊಸ್ತಿಲಲ್ಲೇ ತಿರುಗಿ ಹೋಗುವಂತಿತ್ತು. ಭೂಮಿಯ ಹಕ್ಕು ಮಂಚದ ಕೆಳಗೆ ಹೋಯಿತು. ಕೂಲಿಕಾರರ ಚರಿತ್ರೆ ಅಕ್ಕಿ ಡಬ್ಬದ ಹಿಂದೆ ಸೇರಿತು. ಶಿಕ್ಷಣದ ಸುಧಾರಣೆ ಖಾಲಿ ನೀರಿನ ಡ್ರಮ್ಮಿಗೆ ಬಿತ್ತು. ಕಪಾಟಿನಲ್ಲಿ ಬೈಬಲ್ಲು, ಮದುವೆಯ ಫೋಟೋ, ಪ್ಲಾಸ್ಟಿಕ್ ಗುಲಾಬಿ ಬಂದು ಕೂತವು.

“ಇಷ್ಟು ವರ್ಷ ಗೋಗರೆದೆ, ಮನೆ ಖಾಲಿ ಮಾಡಿಕೊಡ್ಲಿಲ್ಲ” ಎಂದಳು ನಮ್ಸಿಫು. “ಬೀಗರು ಬರ್ತಾರೆ ಅಂದ್ರೆ ಸಾಕಾಗಿತ್ತು ಅಂತ ಗೊತ್ತಿರ್ಲಿಲ್ಲ.”

“ನೀನು ಸುಮ್ನಿರು! ಸಿಫಾ ಎಲ್ಲಿ?”

ಸಿಫಾಳನ್ನು ಎದುರು ನಿಲ್ಲಿಸಿಕೊಂಡು ಮೇಷ್ಟ್ರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು. “ಶನಿವಾರ ಒಬ್ಬ ತಾತ ಬರ್ತಾರೆ ಕಂದಾ. ಅವರಿಗೆ ಶಿಕಮೂ ಅಂತೀಯಲ್ಲ?”

“ಅನ್ನಲ್ಲ. ಏಳನೇ ಅಧ್ಯಾಯ.”

“ಅದನ್ನ ಸದ್ಯಕ್ಕೆ ರದ್ದು ಮಾಡಿದೀವಿ.”

“ಮಾಡಿದೀವಿ ಅಂದ್ರೆ ಯಾರು? ನನ್ನ ವೋಟು ಕೇಳಿದ್ರಾ?”

ಮಿಠಾಯಿ ತೋರಿಸಿದರು. “ಇದು ಲಂಚ” ಎಂದಳು. ಕಣ್ಣು ಕೆಂಪಗೆ ಮಾಡಿದರು. “ಇದು ದಬ್ಬಾಳಿಕೆ” ಎಂದಳು. ಇಂಥ ಮಾತನ್ನೆಲ್ಲ ಮಗುವಿಗೆ ಕಲಿಸಿದ ಮಹಾನುಭಾವ ಯಾರೆಂದು ಮೇಷ್ಟ್ರು ಸಿಟ್ಟಿನಿಂದ ಸುತ್ತ ನೋಡಿದರು. ಎದುರಿಗೆ ಗೋಡೆಗೆ ತೂಗುಹಾಕಿದ ಕನ್ನಡಿಯಿತ್ತು.

ಕಡೆಗೆ ಶನಿವಾರ ಒಂದು ಹೊತ್ತು ಹುಡುಗಿಯನ್ನು ಯಾರ ಮನೆಯಲ್ಲಾದರೂ ಬಿಡುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಮಂದಾಜಿ ಅಜ್ಜಿಯ ಬಳಿ ಕೈಮುಗಿದು ನಿಂತರು.

“ಆ ಮಾಂಬೋನಾ? ನಂಗೆ ಬೇಡಪ್ಪಾ!”

ಪಾದ್ರಿಗಳ ಹೆಂಡತಿಗೆ ಅಂದೇ ಪ್ರಾರ್ಥನೆ ಇತ್ತು. ಪಕ್ಕದ ಮನೆಯವರು ಬಾಗಿಲೇ ತೆರೆಯಲಿಲ್ಲ. ಬೀದಿಯಲ್ಲಿ ಸಿಫಾ ಕಾಲು ಹಿಡಿಯದೆ ಬಿಟ್ಟ ಒಬ್ಬೊಬ್ಬ ಹಿರಿಯರೂ ಈಗ ಮೇಷ್ಟ್ರ ಕೈಬಿಟ್ಟರು. ಬೇರೆ ದಾರಿ ಕಾಣದೆ ಹುಡುಗಿಗೆ ಅಡುಗೆಮನೆಯೇ ಗತಿಯಾಯಿತು. ಪಲಾವಿನ ಪಾತ್ರೆಯ ಪಕ್ಕ ಅವಳನ್ನು ಕೂರಿಸಿ, ನೆಂಟರು ಹೋಗುವವರೆಗೆ ಹೊರಗೆ ತಲೆ ಹಾಕಕೂಡದೆಂದು ಆಜ್ಞೆ ಮಾಡಿದರು.

ಶನಿವಾರ. ಸಮುದ್ರದ ಕಡೆಯಿಂದ ಗಾಳಿಯ ಸುಳಿವೇ ಇಲ್ಲ. ಆ ಸೆಕೆಯಲ್ಲಿ ಮೇಷ್ಟ್ರು ಕೋಟು ಹಾಕಿಕೊಂಡು ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದರು. ಬೀದಿಯಲ್ಲಿ ಬಜಾಜಿ ಆಟೋ ಸದ್ದಾದಾಗಲೆಲ್ಲ ಬೆನ್ನು ತಾನಾಗಿಯೇ ಬಾಗುತ್ತಿತ್ತು.

“ಎಷ್ಟು ಬಗ್ಗಿದ್ರೆ ಸರಿ ಅಂತೀಯಾ? ಇಷ್ಟು? ಇನ್ನೂ ಸ್ವಲ್ಪ?”

“ನೆಲ ಬರೋವರೆಗೂ ಬಗ್ಗಿ. ಅಲ್ಲಿಂದಾಚೆಗೆ ಜಾಗ ಇಲ್ಲ” ಎಂದಳು ನಮ್ಸಿಫು. ಬೆಳಗಿನಿಂದ ಆಕೆ ಕೆಂಪು ನೆಲಕ್ಕೆ ಮೇಣ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದಳು.

ಬಂದೇ ಬಿಟ್ಟರು! ಮುಂದೆ ಕೋಲು ಊರಿಕೊಂಡು, ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡ ಶೆಕಿಯೊಂಡೋ ತಾತ. ಹಿಂದೆ ಬೆವರುತ್ತಿದ್ದ ಎಜ್ರಾ. ಮೇಷ್ಟ್ರು “ಶಿಕಮೂ!” ಎನ್ನುತ್ತ ಧಾವಿಸಿದವರು ಎಷ್ಟು ಬಗ್ಗಿದರೆಂದರೆ ಮೂಗಿನ ಮೇಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅದನ್ನು ಹಿಡಿಯಲು ಹೋದಾಗ ಕಾಲು ಮೇಣದ ನೆಲದ ಮೇಲೆ ಜರ್ರನೆ ಜಾರಿತು. ಬೀಳುವ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಮೇಷ್ಟ್ರ ಕೈಗೆ ಸಿಕ್ಕಿದ್ದು ಶೆಕಿಯೊಂಡೋ ತಾತನ ಎರಡೂ ಕಾಲು!

“ಬಿಡಪ್ಪಾ! ಬಿಡು, ಬೀಳ್ತೀನಿ!” ತಾತ ಕೋಲಿನ ಮೇಲೆ ಓಲಾಡಿದರು. ಎಜ್ರಾ ಹಿಂದಿನಿಂದ ಅಪ್ಪಿ ಹಿಡಿದುಕೊಂಡು ಅವರನ್ನು ಹೇಗೋ ಕುರ್ಚಿಗೆ ದಾಟಿಸಿದ.

ಈ ಗದ್ದಲ ಕೇಳಿಯೂ ಅಡುಗೆಮನೆಯಲ್ಲಿ ಕೂರಲು ಸಿಫಾ ಏನು ಕಲ್ಲೇ? ಕೈಯಲ್ಲಿ ಸೌತೆಕಾಯಿ ಹೋಳು ಹಿಡಿದು ಹೊರಗೆ ಬಂದಳು. ಹೊಸಬರನ್ನು ಮೇಲಿಂದ ಕೆಳಗೆ ನೋಡಿ ಹಲ್ಲು ಬಿಟ್ಟಳು.

“ಮಾಂಬೋ, ತಾತಾ!”

ಉಪೆಂಡೋ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನೆಲದ ಮೇಲೆ ಕನ್ನಡಕಕ್ಕಾಗಿ ತಡಕಾಡುತ್ತಿದ್ದ ಮೇಷ್ಟ್ರು ಅಲ್ಲೇ ಕಲ್ಲಾದರು. ಮದುವೆ ಮುರಿಯಿತು!

“ಪೋವಾ!” ಎಂದರು ತಾತ. “ಮೊಣಕಾಲೊಂದು ಬಿಟ್ರೆ ಮಿಕ್ಕಿದ್ದೆಲ್ಲಾ ಚೆನ್ನಾಗಿದೆ. ನಿನ್ನ ಸಮಾಚಾರ ಏನಮ್ಮಾ?”

“ನನ್ನನ್ನ ಅಡುಗೆಮನೇಲಿ ಕೂಡಿಹಾಕಿದ್ರು.”

“ಅಯ್ಯೋ! ಯಾಕೆ?”

“ನೀವು ಬರ್ತೀರಿ ಅಂತ.”

ತಾತ ಗಹಗಹಿಸಿ ನಕ್ಕರು. ಸಿಫಾಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಚಹಾ ಎಲ್ಲಿ ಎಂದು ತಾವೇ ಕೇಳಿದರು. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಪುಸ್ತಕ ತೆಗೆದರು. ಅಂಚುಗಳು ಮುದುರಿದ್ದವು, ಪುಟಪುಟದಲ್ಲೂ ಪೆನ್ಸಿಲಿನ ಗೆರೆಗಳಿದ್ದವು. ‘ಬೆನ್ನು ಬಾಗಿಸುವ ವಿದ್ಯೆ’!

“ರೈಲ್ವೇಲಿ ದುಡಿದೋನು ನಾನು. ಕೆಲಸಗಾರರ ಸಂಘ ಕಟ್ಟಿದೋನು. ಈಗ ವಯಸ್ಸಾಯ್ತು ಅಂತ ಎಲ್ರೂ ಕಾಲು ಹಿಡೀತಾರೆ. ಹಿಡಿದು ಹೋಗ್ತಾರೆ, ಅಷ್ಟೇ. ಮುಖ ನೋಡಿ ಹೇಗಿದೀಯಾ ಅಂತ ಕೇಳೋರು ಒಬ್ರೂ ಇಲ್ಲ. ಎಜ್ರಾ ಈ ಪುಸ್ತಕ ತಂದುಕೊಟ್ಟ ಮೇಲೆ ನಾನೇ ಹಟ ಮಾಡಿದೆ. ಇಂಥ ಮನೆ ಒಂದಿದ್ರೆ ಸಾಯೋದರೊಳಗೆ ನೋಡಲೇಬೇಕು ಅಂತ.” ಸಿಫಾಳ ತಲೆ ಸವರಿದರು. “ಈ ಮರಿ ಕೇಳಿತು ನೋಡಿ, ಸಾಕು. ಉಪೆಂಡೋ, ಯಾಕಮ್ಮಾ ಅಳ್ತೀಯಾ? ನೀನು ನಮ್ಮ ಮನೆ ಹುಡುಗಿ, ಆಯ್ತಾ?”

ಉಪೆಂಡೋ ಅಳುತ್ತಲೇ ನಕ್ಕಳು. ಎಜ್ರಾ ಬೆವರು ಒರೆಸಿಕೊಂಡ. ಮೇಷ್ಟ್ರಿಗೆ ಸಂತೋಷಕ್ಕೆ ಕೂಗಬೇಕೋ ನಾಚಿಕೆಗೆ ಮಂಚದ ಕೆಳಗೆ ತಮ್ಮ ಪುಸ್ತಕಗಳ ಜೊತೆ ಹೋಗಿ ಸೇರಬೇಕೋ ತಿಳಿಯಲಿಲ್ಲ. ಇನ್ನೂ ನಾಲ್ಕು ಕಾಲಿನ ಮೇಲೇ ಇದ್ದರು.

“ಇನ್ನೊಂದು ಕೆಲಸ ಉಳೀತು. ಇದಕ್ಕೊಂದು ಸಹಿ ಹಾಕಿಸಿಕೋಬೇಕು” ಎಂದ ತಾತ, ಪುಸ್ತಕ ತಿರುಗಿಸಿ ಹಿಂದಿನ ಫೋಟೋ ನೋಡಿದರು. ನೆಲದ ಮೇಲಿದ್ದ ಮೇಷ್ಟ್ರನ್ನು ನೋಡಿದರು. ಮತ್ತೊಮ್ಮೆ ಫೋಟೋ ನೋಡಿದರು. “ಇದನ್ನ ಬರೆದೋರು ಇದೇ ಮನೇಲಿದಾರೆ ಅಂದಿದ್ರು. ಎಲ್ಲಿ, ಕಾಣ್ತಾನೇ ಇಲ್ವಲ್ಲ?”

ನಮ್ಸಿಫು ಚಹಾದ ತಟ್ಟೆ ಮುಂದಿಡುತ್ತ ಶಾಂತವಾಗಿ ಹೇಳಿದಳು.

“ಅವರು ಹೊರಗೆ ಹೋಗಿದಾರೆ ತಾತಾ. ನೆಂಟರು ಬಂದಾಗಲೆಲ್ಲ ಹೀಗೇನೇ. ನೀವು ಹೋದ ಮೇಲೆ ಬರ್ತಾರೆ.”