ಖೇಡಾಪುರದ ಮಾನ್ಯ ಮಡಕೆ

ಖೇಡಾಪುರ ಲೋಕಸಭಾ ಕ್ಷೇತ್ರದಲ್ಲಿ ತಂದೆಯ ಪೇಟ ಮಗನ ತಲೆಗೇರುವುದನ್ನು ಚುನಾವಣೆ ಎಂದೂ, ಆಮೇಲೆ ನಡೆಯುವ ಮತದಾನವನ್ನು ಮರುಎಣಿಕೆ ಎಂದೂ ಪರಿಗಣಿಸಲಾಗುತ್ತದೆ.

ಅದರಂತೆ ಸಂಸದ ಚೌಧರಿ ಹರದ್ವಾರಿ ಸಿಂಗ್ ತೀರಿಕೊಂಡ ಹದಿಮೂರನೆಯ ದಿನ ಹಿರಿಯರು ಹುಕ್ಕಾ ಬದಿಗಿಟ್ಟು, ಪೇಟ ಹಿಡಿದು ಅಂಗಳದಲ್ಲಿ ಕುಳಿತರು. ತಲೆ ಕೊಡಬೇಕಾದ ಮಗ ಜಗಬೀರ್ ಮಾತ್ರ ಬಂದಿರಲಿಲ್ಲ. ಶೋಕಕ್ಕೆ ತಾನು ಬರುವ ಮೆರವಣಿಗೆ ಭರ್ಜರಿಯಾಗಿರಲೆಂದು ದೆಹಲಿಯಿಂದ ಕಾರುಗಳ ದಂಡನ್ನೇ ಹೊರಡಿಸಿದ್ದ. ಆ ದಂಡೇ ರಸ್ತೆಗೆ ಅಡ್ಡಬಿದ್ದು ಅದರ ನಡುವೆ ಅವನೇ ಸಿಕ್ಕಿಕೊಂಡಿದ್ದ.

"ಮುಹೂರ್ತ ಮೀರ್ತಿದೆ," ಎಂದರು ದೊಡ್ಡಪ್ಪ ಫತೇಸಿಂಗ್. "ಪೇಟ ಕೈಯಲ್ಲೇ ಉಳಿದ್ರೆ ಮನೆತನಕ್ಕೆ ಕೇಡು. ಸದ್ಯಕ್ಕೆ ಏನಾದ್ರೂ ದುಂಡಗಿರೋದು ತನ್ನಿ."

ದುಂಡಗಿದ್ದದ್ದು ಬಂದವರಿಗೆಂದು ನೀರು ತುಂಬಿಟ್ಟ ಮಡಕೆ. ಅದಕ್ಕೇ ಸುತ್ತಿದರು.

ಜಗಬೀರ್ ಬಂದಾಗ ಎಲ್ಲರೂ ಹಲ್ವಾ ಪೂರಿ ಮುಗಿಸಿ ಕೈ ತೊಳೆಯುತ್ತಿದ್ದರು.

"ದೊಡ್ಡಪ್ಪಾ, ಬಿಚ್ಚಿ ನನಗೆ ಕಟ್ಟಿ!"

"ಕಟ್ಟಿದ ಪೇಟ ಜೀವ ಇರೋವರೆಗೂ ಬಿಚ್ಚೋ ಹಾಗಿಲ್ಲ ಕಣೋ. ನಿಮ್ಮಜ್ಜಂದೇ ಬಿಚ್ಚಲಿಲ್ಲ, ಅವನ ತಲೇಲಿ ನೀರೂ ಇರಲಿಲ್ಲ."

ಪಕ್ಷ ಕೂಡಲೇ ಪ್ರಕಟಣೆ ಹೊರಡಿಸಿತು: "ದಿವಂಗತರ ಪೇಟ ಯಾರ ಮೇಲಿದೆಯೋ ಅವರೇ ನಮ್ಮ ಅಭ್ಯರ್ಥಿ. ಪೇಟದ ಕೆಳಗೆ ಏನಿರಬೇಕೆಂಬ ಬಗ್ಗೆ ಪಕ್ಷದ ನಿಯಮಾವಳಿ ಏನನ್ನೂ ಹೇಳುವುದಿಲ್ಲ."

ಮಡಕೆ ಭಾರಿ ಅಂತರದಿಂದ ಗೆದ್ದಿತು. ಸದನದಲ್ಲಿ ಕೂಗಾಡಲಿಲ್ಲ, ಗೊರಕೆ ಹೊಡೆಯಲಿಲ್ಲ, ಪಕ್ಷ ಬಿಡಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ವಿರೋಧ ಪಕ್ಷದವರೇ ಕೊಂಡಾಡಿದರು. ಆಪ್ತ ಸಹಾಯಕನಾಗಿ ನೇಮಕಗೊಂಡ ಜಗಬೀರ್ ದಿನವೂ ಮಾನ್ಯರಿಗೆ ನೀರು ತುಂಬಿ, ಸೊಂಟದ ಮೇಲೆ ಹೊತ್ತು ಸಂಸತ್ತಿಗೆ ಒಯ್ಯುತ್ತಿದ್ದ.

"ಅಮ್ಮಾ, ಅದು ನನ್ನ ಸೀಟು," ಎಂದು ತಾಯಿ ಚಂದ್ರೋ ಮುಂದೆ ಗೋಳಾಡಿದ.

"ನಿಮ್ಮಪ್ಪ ಎಷ್ಟು ಸಲ ಗೆದ್ರೂ ಈ ಊರಿಗೆ ಒಂದು ಲೋಟ ನೀರು ಕೊಟ್ಟೋನಲ್ಲ. ಇದು ಸಂಸತ್ತಿಂದ ಬಂದ್ಮೇಲೂ ಬಾಗಿಲಿಗೆ ಬಂದೋರಿಗೆಲ್ಲ ಕೊಡ್ತಿದೆ. ನಿನಗ್ಯಾಕೋ ಹೊಟ್ಟೆಯುರಿ?"

ಉರಿ ಇದ್ದದ್ದು ನಿಜ, ಪಾಪ. ಸಂಸದನಾಗುವುದೊಂದನ್ನು ಬಿಟ್ಟು ಬೇರೆ ಕಸುಬನ್ನು ಅವನು ಕಲಿತವನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಮಧ್ಯಾಹ್ನ ಎಮ್ಮೆ ಕಾಯುವ ದೊಣ್ಣೆ ಜಗಬೀರನ ಕೈಗೆ ಸಿಕ್ಕಿ, ಮಾನ್ಯ ಸದಸ್ಯರು ಚೂರುಚೂರಾದರು. ಎಮ್ಮೆ ಹಾಯ್ದು ನಿಧನ ಎಂದು ದಾಖಲಾಯಿತು. ಸದನ ಎದ್ದು ನಿಂತು ಮೌನ ಆಚರಿಸಿತು.

ಮತ್ತೆ ಹದಿಮೂರನೆಯ ದಿನ ಬಂತು. ಈ ಸಲ ಜಗಬೀರ್ ಕಾರಿನ ತಂಟೆಗೇ ಹೋಗದೆ, ತಲೆಗೆ ಎಣ್ಣೆ ಹಚ್ಚಿ, ಬೆಳಗಿನಿಂದಲೇ ಅಂಗಳದ ನಟ್ಟನಡುವೆ ಕುಳಿತಿದ್ದ. ಫತೇಸಿಂಗರು ಪೇಟ ಹಿಡಿದು ಬಂದರು. ಅವನನ್ನು ದಾಟಿ ಮುಂದೆ ಹೋದರು. ಮೂಲೆಯಲ್ಲಿ ಕುಂಬಾರ ತಂದಿಟ್ಟಿದ್ದ ಪುಟ್ಟ ಹೂಜಿಯ ಮುಂದೆ ಕೈಮುಗಿದು ನಿಂತರು.

"ದೊಡ್ಡಪ್ಪಾ, ತಲೆ ಇಲ್ಲಿದೆ!"

"ಕಾಣ್ತಿದೆ ಕಣಪ್ಪ. ಆದ್ರೆ ತೀರಿಕೊಂಡವರು ಬೆಂದ ಆವಿಗೆಯಲ್ಲೇ ಬೆಂದ ಕುಡಿ ಕಣ್ಣೆದುರಿಗೇ ಇರೋವಾಗ ಹೊರಗಿನವನಿಗೆ ಹ್ಯಾಗೆ ಕಟ್ಟೋದು? ವಂಶ ಅಂತ ಒಂದಿದೆಯಲ್ಲ."

ಜಗಬೀರ್ ಬಾಯಿ ತೆರೆದ. ವಂಶದ ವಿರುದ್ಧ ಆಡಬಹುದಾದ ಒಂದು ಮಾತನ್ನೂ ಅವನ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

"ಅದೂ ನ್ಯಾಯವೇ," ಎಂದ.

ಆಮೇಲೆ ಹೂಜಿಗೆ ನೀರು ತುಂಬಿ, ಸೊಂಟಕ್ಕೇರಿಸಿಕೊಂಡು, ನಾಮಪತ್ರ ಸಲ್ಲಿಸಲು ಹೊರಟ. ಯುವ ನಾಯಕರಾದ್ದರಿಂದ ಹೊರಲು ಹಗುರವಾಗಿದ್ದರು.