ನಮ್ಮ ಮನೆಯವರ ನಿದ್ದೆಗೆ ನಾರುಬೇರು

ಯಾರಾದರೂ ಬಾಯಿ ತಪ್ಪಿ "ನನಗೆ ರಾತ್ರಿ ನಿದ್ದೆ ಬರೋದಿಲ್ಲ" ಅಂದರೆ ಸಾಕು, ಅಲ್ಲಿಯವರೆಗೆ ತರಕಾರಿ ರೇಟಿನ ಮಾತಾಡುತ್ತ ಕೂತವರೆಲ್ಲ ತಟ್ಟನೆ ಧನ್ವಂತರಿಯ ಮೊಮ್ಮಕ್ಕಳಾಗಿಬಿಡುತ್ತಾರೆ. ಇದು ಅಂದೂ ಇತ್ತು, ಇಂದೂ ಇದೆ. ಅರವತ್ತರ ದಶಕದಲ್ಲಿ ಗುಜರಾತಿನ ಮೂರು ಊರುಗಳಲ್ಲಿ ನಾನು ಈ ಮೊಮ್ಮಕ್ಕಳ ಕೈಗೆ ಸಿಕ್ಕು ಒದ್ದಾಡಿದ್ದೇನೆ. ನಿದ್ದೆ ಬಾರದಿದ್ದದ್ದು ನನಗಲ್ಲ, ನಮ್ಮ ಮನೆಯವರಿಗೆ.

ನಾವು ಧಾರವಾಡದ ಕಡೆಯವರು. ನಮ್ಮ ಮನೆಯವರು ಕೇಂದ್ರ ಸರಕಾರದ ಒಂದು ಲೆಕ್ಕ ತಪಾಸಣೆ ಕಚೇರಿಯಲ್ಲಿದ್ದರು. ವರ್ಗವಾಗಿ ಮೊದಲು ಅಹಮದಾಬಾದಿಗೆ, ಆಮೇಲೆ ವಡೋದರಾಕ್ಕೆ, ಕೊನೆಗೆ ಸೂರತ್‌ಗೆ ಬಂದೆವು. ಊರು ಬದಲಾಯಿತು, ನಿದ್ದೆ ಮಾತ್ರ ಬರಲಿಲ್ಲ. ಡಾಕ್ಟರರ ಹತ್ತಿರ ಹೋಗೋಣ ಅಂದರೆ, "ಇಂಗ್ಲಿಷ್ ಗುಳಿಗಿ ಅಂದ್ರ ವಿಷ. ನನಗ ನೈಸರ್ಗಿಕ ಉಪಾಯ ಬೇಕು" ಅನ್ನುತ್ತಿದ್ದರು. ನಿಸರ್ಗ ಅಂದರೇನು ಅಂತ ನನಗೆ ಬೇಗನೆ ಗೊತ್ತಾಯಿತು. ಕುಟ್ಟುವವಳು, ಅರೆಯುವವಳು, ಸೋಸುವವಳು, ಕೊನೆಗೆ ತಳ ಹತ್ತಿದ ಪಾತ್ರೆ ತಿಕ್ಕುವವಳು, ಇಷ್ಟೂ ಸೇರಿದರೆ ನಿಸರ್ಗ.

ಅಹಮದಾಬಾದಿನ ಪುಡಿ

ಅಹಮದಾಬಾದಿನಲ್ಲಿ ನಾವು ಹಳೇ ಊರಿನ ಒಂದು ಪೋಳದಲ್ಲಿದ್ದೆವು. ಪೋಳ ಅಂದರೆ ಒಂದೇ ಹೆಬ್ಬಾಗಿಲೊಳಗೆ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ಓಣಿ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬರ ಮನೆಯಲ್ಲಿ ಸೀನುತ್ತಿದ್ದರು. ಹೀಗಿರುವಾಗ ಇವರ ನಿದ್ದೆಯ ಸುದ್ದಿ ಮುಚ್ಚಿಡುವುದು ಹೇಗೆ? ಪಕ್ಕದ ಮನೆಯ ಕಾಕಿ ಒಂದು ಮಧ್ಯಾಹ್ನ ಬಂದು, ಜಾಯಿಕಾಯಿ ತೇಯ್ದು ಹಾಲಿನಲ್ಲಿ ಕೊಡು ಅಂತ ಹೇಳಿಹೋದಳು.

ಇವರು ತಾವೇ ಹೋಗಿ ತರುತ್ತೇನೆ ಅಂತ ಹೊರಟರು. ನಾಲ್ಕು ತಿಂಗಳಲ್ಲಿ ಗುಜರಾತಿ ಕಲಿತುಬಿಟ್ಟಿದ್ದೇನೆ ಅಂತ ಅವರ ನಂಬಿಕೆ. ಗಿಡಮೂಲಿಕೆ ಅಂಗಡಿಗೆ ಹೋದಾಗ ಜಾಯಿಕಾಯಿಯ ಗುಜರಾತಿ ಹೆಸರು ಮರೆತುಹೋಯಿತಂತೆ. ಸೋಲೊಪ್ಪುವ ಪೈಕಿ ಅಲ್ಲವಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಲ್ಲುವುದು ಅವರ ಹಳೇ ಚಾಳಿ. ಹಾಗೇ ನಿಂತು, ರಾತ್ರಿಯೆಲ್ಲ ಆರಾಮವಿಲ್ಲ, ಬರಬೇಕಾದದ್ದು ಬರುವುದೇ ಇಲ್ಲ, ಸುಮ್ಮನೆ ಕಾಯುತ್ತ ಕೂತಿರಬೇಕು ಅಂತ ತಮ್ಮ ಗುಜರಾತಿಯಲ್ಲಿ ವಿವರಿಸಿದರು. ಅಂಗಡಿಯವನು ಬಹಳ ಮರುಗಿ ಒಂದು ಪುಡಿ ಕಟ್ಟಿಕೊಟ್ಟ.

ಅದು ಸೋನಾಮುಖಿ. ಮೂರು ದಿನದ ಮಲಬದ್ಧತೆಯನ್ನೂ ಒಂದೇ ಏಟಿಗೆ ಬಿಡಿಸುವಂಥದ್ದು. ಪೋಳಕ್ಕೆಲ್ಲ ಸೇರಿ ಕೆಳಗೆ ಒಂದೇ ಪಾಯಖಾನೆ. ಇವರು ಎರಡು ಚಮಚ ತುಂಬ ಕುಡಿದು ಮಲಗಿದರು. ಮರುದಿನ ಬೆಳಿಗ್ಗೆ ಕಾಕಿ ನಗುತ್ತ ಬಂದು, ಔಷಧಿ ಹಿಡಿಯಿತಾ, ನಿದ್ದೆ ಬಂತಾ ಅಂತ ಕೇಳಿದಳು. ನಿದ್ದೆ ಬರಲಿಲ್ಲ, ಆದರೆ ಯಾಕೆ ಬರಲಿಲ್ಲ ಅನ್ನುವುದು ಇವತ್ತು ಮೊದಲ ಸಲ ಇಡೀ ಪೋಳಕ್ಕೇ ಗೊತ್ತಾಗಿದೆ ಅಂದೆ.

ವಡೋದರಾದ ಮದುಮಗ

ವಡೋದರಾದಲ್ಲಿ ಸರಕಾರಿ ಕ್ವಾರ್ಟರ್ಸ್ ಸಿಕ್ಕಿತು. ಸ್ಟೇಶನ್ ಹತ್ತಿರ ಕರಾವಳಿ ಕಡೆಯವರೊಬ್ಬರ ಉಡುಪಿ ಹೋಟೆಲ್ ಇತ್ತು. ಕನ್ನಡ ಮಾತಾಡುವ ಆಸೆಗೆ ಇವರು ದಿನಾ ಅಲ್ಲಿಗೆ ಹೋಗುತ್ತಿದ್ದರು. ಹೋಟೆಲಿನ ಯಜಮಾನರು ಒಂದು ದಿನ, "ನಿಮ್ಮದು ಉಷ್ಣ ಮಾರಾಯ್ರೆ. ಮದರಂಗಿ ಸೊಪ್ಪು ಅರೆದು ಅಂಗೈಗೆ, ಅಂಗಾಲಿಗೆ ಕಟ್ಟಿ. ಉಷ್ಣ ಇಳಿದರೆ ನಿದ್ದೆ ತಾನಾಗಿ ಬರ್ತದೆ" ಅಂದರಂತೆ. ಆ ಮನುಷ್ಯ ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಿಸುವವರು. ನಿಂತಲ್ಲೇ ನಿದ್ದೆ ಮಾಡಬಲ್ಲವರಿಗೆ ನಿದ್ದೆಯ ಔಷಧಿ ಏನು ಗೊತ್ತು? ಅದನ್ನು ನಾನು ಹೇಳಿದೆ. ಇವರು ಕೇಳಲಿಲ್ಲ. ಒಂದು ಬುಟ್ಟಿ ಸೊಪ್ಪು ಅರೆದೆ. ಕೈಗೆ ಕಾಲಿಗೆ ಹಚ್ಚಿ ಬಟ್ಟೆ ಸುತ್ತಿದೆ. ಬೆಳಿಗ್ಗೆ ಬಿಚ್ಚಿದರೆ, ಹೆಣ್ಣುಮಕ್ಕಳು ಹೊಟ್ಟೆ ಉರಿದುಕೊಳ್ಳುವಷ್ಟು ಚೆಂದಾಗಿ ಬಣ್ಣ ಕೂತಿತ್ತು. ನಿದ್ದೆ ಬಂದಿರಲಿಲ್ಲ.

ಆ ಕೈ ಹೊತ್ತುಕೊಂಡೇ ಕಚೇರಿಗೆ ಹೋದರು. ಅವು ಮದುವೆಯ ದಿನಗಳು, ಅಲ್ಲಿ ಮದುಮಗನ ಕೈಗೂ ಮೆಹಂದಿ ಹಚ್ಚುವ ಪದ್ಧತಿ. ಕೈತುಂಬ ಮೆಹಂದಿ ಹಾಕಿಕೊಂಡು ಗಂಡಸು ಬಂದರೆ ಅಲ್ಲಿಯವರು ಏನಂದುಕೊಳ್ಳಬೇಕು? ಊಟದ ಹೊತ್ತಿಗೆ ನಮ್ಮವರಿಗೆ ಎರಡನೇ ಮದುವೆಯಾಗಿದೆ ಅಂತ ಕಚೇರಿಯ ಮೂರೂ ಮಹಡಿಗಳಲ್ಲಿ ಸುದ್ದಿ. ಮೇಲಧಿಕಾರಿ ಒಳಗೆ ಕರೆಸಿದರು. ಹೆಂಡತಿ ಬದುಕಿರುವಾಗ ಸರಕಾರಿ ನೌಕರ ಇನ್ನೊಂದು ಮದುವೆಯಾದರೆ ಕೆಲಸಕ್ಕೇ ಸಂಚಕಾರ, ಗೊತ್ತಿದೆಯೇ ಅಂತ ಗದರಿದರು. ಇವರು ಬೆವರುತ್ತ, "ಸರ್, ರಾತ್ರಿ ನಿದ್ದೆ ಬರೋದಿಲ್ಲ, ಅದಕ್ಕೇ ಮಾಡಿಕೊಂಡೆ" ಅಂದರಂತೆ. ಮೆಹಂದಿ ಅನ್ನುವ ಮಾತು ಸೇರಿಸಲು ಮರೆತರು. ಅಧಿಕಾರಿ ಕನ್ನಡಕ ತೆಗೆದು, ಈ ವಯಸ್ಸಿನಲ್ಲಿ ಇಂಥ ಕಾರಣ ಹೇಳಲು ನಾಚಿಕೆಯಾಗಬೇಕು ಅಂದರು.

ಕಚೇರಿಯಲ್ಲಿ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಂಜೆಯಾಯಿತು. ಸುದ್ದಿ ಅಷ್ಟು ಹೊತ್ತು ಕಾಯುತ್ತದೆಯೇ? ಕ್ವಾರ್ಟರ್ಸಿನ ಹೆಂಗಸರು ಸಾವಿನ ಮನೆಗೆ ಬರುವವರ ಹಾಗೆ ಸೆರಗು ಹೊದ್ದು ನಮ್ಮ ಮನೆಗೆ ಬಂದರು. ಎದುರು ಮನೆಯಾಕೆ ಒಂದು ಪಾತ್ರೆ ಕಢಿಯನ್ನೂ ತಂದಿದ್ದಳು, ನಾನು ಒಲೆ ಹಚ್ಚಿರಲಾರೆ ಅಂತ. ನನ್ನ ಕೈ ಹಿಡಿದು, ಧೈರ್ಯ ತಗೋ ತಂಗಿ, ಆಕೆಯನ್ನು ಮನೆಗೆ ಯಾವತ್ತು ಕರೆತರುತ್ತಾರೆ ಅಂತ ಕೇಳಿದಳು. ಸಂಗತಿ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಹರಕು ಗುಜರಾತಿಯಲ್ಲೇ ಹೇಳಿದೆ: "ಬಂದಿದ್ದರೆ ಚೆನ್ನಾಗಿತ್ತು. ಅರ್ಧ ಸೊಪ್ಪು ಅವಳ ಕೈಲಿ ಅರೆಸುತ್ತಿದ್ದೆ."

ದಿಂಬಿನ ಗುಣ

ಅದೇ ಕ್ವಾರ್ಟರ್ಸಿನಲ್ಲಿ, ಕೆಲಸದಿಂದ ನಿವೃತ್ತರಾಗಿ ಮಗನ ಮನೆಯಲ್ಲಿದ್ದ ಹಿರಿಯರೊಬ್ಬರಿದ್ದರು. ಜಗತ್ತಿನ ಎಲ್ಲ ವಿಷಯವನ್ನೂ ಅರ್ಧರ್ಧ ಓದಿಕೊಂಡವರು. ಅವರ ಸಲಹೆಯ ಮೇಲೆ, ದಿಂಬಿನ ಹತ್ತಿ ತೆಗೆದು ಜಟಾಮಾಂಸಿಯ ಒಣ ಬೇರು ತುಂಬಿ ಹೊಲಿದೆ. ಅದರ ವಾಸನೆಗೇ ನಿದ್ದೆ ಬರುತ್ತದಂತೆ. ಬೆವರಿನ ಬನಿಯನ್ನನ್ನು ಮಣ್ಣಿನಲ್ಲಿ ಹೂತು ತೆಗೆದ ಹಾಗಿತ್ತು ಆ ವಾಸನೆ. ಆ ವಾಸನೆ ಅಂದರೆ ಬೆಕ್ಕುಗಳಿಗೆ ಪ್ರಾಣ ಅನ್ನುವುದು ಆ ಹಿರಿಯರು ಓದದೆ ಬಿಟ್ಟ ಅರ್ಧದಲ್ಲಿತ್ತು. ಬೇಸಿಗೆ, ಇವರು ಅಂಗಳದಲ್ಲಿ ಚಾರ್‌ಪಾಯಿ ಹಾಕಿ ಮಲಗುತ್ತಿದ್ದರು. ಇಡೀ ಕ್ವಾರ್ಟರ್ಸಿನ ಬೆಕ್ಕುಗಳು ಬಂದು ದಿಂಬಿಗೆ ಮೈ ಉಜ್ಜಿ, ಹೊರಳಾಡಿ, ಇವರನ್ನು ಚಾರ್‌ಪಾಯಿಯಿಂದ ಕೆಳಗಿಳಿಸಿದವು. ಬೆಳಿಗ್ಗೆ ನೋಡಿದರೆ ಇವರು ಮೆಟ್ಟಿಲ ಮೇಲೆ ತೂಕಡಿಸದೆ ಕೂತಿದ್ದರು. ಔಷಧಿಯ ಬಗ್ಗೆ ಸುಳ್ಳು ಹೇಳಬಾರದು, ಬೆಕ್ಕುಗಳಿಗೆ ಮಾತ್ರ ಒಳ್ಳೇ ನಿದ್ದೆ ಬಂದಿತ್ತು.

ಸೂರತ್‌ನ ಬಾಟ್ಲಿ

ಸೂರತ್‌ನಲ್ಲಿ ನಮ್ಮ ಮನೆಯ ಮಾಲೀಕರು ಒಬ್ಬ ಪಾರ್ಸಿ ಮುದುಕರು. ಗುಜರಾತಿನಲ್ಲಿ ಕುಡಿತಕ್ಕೆ ನಿಷೇಧ. ಆರೋಗ್ಯದ ಕಾರಣಕ್ಕೆ ಅಂತ ಪರ್ಮಿಟ್ ಇದ್ದವರಿಗಷ್ಟೇ ಸಿಗುತ್ತಿತ್ತು. ಈ ಮುದುಕರ ಹತ್ತಿರ ಪರ್ಮಿಟ್ ಇತ್ತು. ಅಷ್ಟಕ್ಕೇ ಇವರು ಅವರ ಮನೆಯಿಂದ ಹೆಪ್ಪಿಗೆ ಮೊಸರನ್ನೂ ತರಲು ಬಿಡುತ್ತಿರಲಿಲ್ಲ. ಕುಡಿತದ ವಿರುದ್ಧ ಭಾಷಣ ಮಾಡುವುದರಲ್ಲಿ ಇವರದು ಎತ್ತಿದ ಕೈ.

ಇಲ್ಲಿ ಒಬ್ಬ ವೈದ್ಯ ಸಿಕ್ಕ. ಬೇರು, ಬೆಲ್ಲ, ಹೂವು ಸೇರಿಸಿ, ಗಡಿಗೆಯಲ್ಲಿ ಹಾಕಿ ತಿಂಗಳುಗಟ್ಟಲೆ ನೆಲದಲ್ಲಿ ಹೂತಿಟ್ಟು ತೆಗೆದ ಆಸವ ಕೊಟ್ಟ. ಎರಡು ಚಮಚ ಕುಡಿದು ಇವರು ಗೊರಕೆ ಹೊಡೆದರು. ಮದುವೆಯಾದ ಮೇಲೆ ಅವರ ಗೊರಕೆ ನಾನು ಕೇಳಿದ್ದು ಅದೇ ಮೊದಲು. ಎರಡು ಚಮಚ ಲೋಟವಾಯಿತು. ಲೋಟವಾದ ಮೇಲೆ ಇವರು ನನ್ನ ಹುಳಿಯನ್ನು ಹೊಗಳಿದರು, ನನ್ನ ತವರಿನವರನ್ನೂ ಹೊಗಳಿದರು. ಆಗಲೇ ನನಗೆ ಸಂಶಯ ಬಂತು.

ನಲ್ಲಿಯ ವಿಚಾರಕ್ಕೆ ಬಂದ ಪಾರ್ಸಿ ಮುದುಕರು ಲೋಟ ಮೂಸಿ, ಒಂದು ಗುಟುಕು ಕುಡಿದು, ನನ್ನ ಪರ್ಮಿಟ್‌ಗೆ ಇಷ್ಟು ಒಳ್ಳೇದು ಸಿಗುವುದಿಲ್ಲ ಅಂದರು. ಇವರು ಕೆರಳಿ, ಇದು ಮದ್ಯವಲ್ಲ, ಶುದ್ಧ ಗಿಡಮೂಲಿಕೆ ಅಂದರು.

"ವೈನಿನ ದ್ರಾಕ್ಷಿಯನ್ನೇನು ಮಿಲ್ಲಿನಲ್ಲಿ ನೇಯ್ತಾರೆಯೇ?" ಅಂತ ಕೇಳಿ ಮುದುಕರು ಮೆಟ್ಟಿಲಿಳಿದರು.

ಇವರು ಎರಡು ದಿನ ಅವರೊಡನೆ ಮಾತು ಬಿಟ್ಟರು, ಲೋಟ ಬಿಡಲಿಲ್ಲ. ಅಷ್ಟರಲ್ಲಿ ಕಚೇರಿಯ ಕ್ಲಬ್ಬಿನವರು ಪಾನನಿಷೇಧದ ಸಭೆ ಏರ್ಪಡಿಸಿದರು. ಮುಖ್ಯ ಅತಿಥಿ ಪಾನನಿಷೇಧದ ಪೊಲೀಸ್ ಅಧಿಕಾರಿ, ಮುಖ್ಯ ಭಾಷಣ ನಮ್ಮವರದು. ಎದೆ ಹೊಡೆದುಕೊಳ್ಳುತ್ತಿದೆ ಅಂತ ಇವರು ಹೊರಡುವಾಗ ಒಂದು ಲೋಟ, ಚಪ್ಪಲಿ ಮೆಟ್ಟಿದ ಮೇಲೆ ಇನ್ನೊಂದು ಲೋಟ ಕುಡಿದರು. ಬೇಡ ಅಂದೆ. "ಔಷಧಕ್ಕ ಅಡ್ಡ ಬರಬ್ಯಾಡ" ಅಂದರು.

ಭಾಷಣ ಚೆನ್ನಾಗಿಯೇ ಶುರುವಾಯಿತು. ಕುಡಿತದಿಂದ ಮನೆ ಹಾಳು ಅಂದರು. ಅದನ್ನೇ ಐದಾರು ಸಲ ಅಂದರು. ಆಮೇಲೆ ಮೈಕಿನ ಕೋಲನ್ನು ಅಪ್ಪಿಕೊಂಡರು. ಪೊಲೀಸ್ ಅಧಿಕಾರಿಯನ್ನು ತಮ್ಮ ಸತ್ತುಹೋದ ಅಣ್ಣನ ಹೆಸರಿನಿಂದ ಕರೆದು ಅತ್ತರು. ಕನ್ನಡದಲ್ಲಿ ನನ್ನ ಹುಳಿಯ, ಗುಜರಾತಿಯಲ್ಲಿ ತಮ್ಮ ನಿದ್ದೆಯ ಔಷಧಿಯ ಗುಣಗಾನ ಮಾಡಿದರು. ಕೊನೆಗೆ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕುಸಿದು, ಅವರ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕೆಲಸ ಹೋಗುವುದು ಖಂಡಿತ, ಜೈಲು ಎಷ್ಟು ದಿನ ಅನ್ನುವುದಷ್ಟೇ ಬಾಕಿ ಅಂದುಕೊಂಡೆ.

ಅಷ್ಟರಲ್ಲಿ, ತಮಾಷೆ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಪಾರ್ಸಿ ಮುದುಕರು ಎದ್ದು ಚಪ್ಪಾಳೆ ತಟ್ಟಿದರು. ಜನ ಇದು ನಾಟಕ ಅಂದುಕೊಂಡು ತಾವೂ ತಟ್ಟಿದರು. ಅಧಿಕಾರಿ ಇವರ ತಲೆಯನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿ ಎದ್ದುನಿಂತು, ಕುಡುಕನ ಗತಿ ಏನು ಅನ್ನುವುದನ್ನು ಇಷ್ಟು ಮನಮುಟ್ಟುವಂತೆ ಮಾಡಿ ತೋರಿಸಿದವರನ್ನು ತಾವು ಕಂಡಿಲ್ಲ ಅಂದರು. ಮಲಗಿದ್ದವರ ತೊಡೆಯ ಮೇಲೆ ಬೆಳ್ಳಿ ಬಣ್ಣದ ಒಂದು ಬಹುಮಾನದ ಕಪ್ಪನ್ನೂ ಇಟ್ಟರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಪೇದೆ. ಆ ಅಧಿಕಾರಿಯ ಮೂಗು ಅಷ್ಟು ಹತ್ತಿರವಿದ್ದೂ ಸುಮ್ಮನಿರುತ್ತದೆಯೇ ಅಂತ ನಾನು ರಾತ್ರಿಯೆಲ್ಲ ಹೆದರಿದ್ದೆ. ಇವರು ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡರು. ನಾನೇ ಬಾಗಿಲು ತೆರೆದೆ. ಪೇದೆ ಸಲಾಮು ಹೊಡೆದು ಹೇಳಿದ: "ಬರುವ ರವಿವಾರ ನಮ್ಮ ಪೊಲೀಸ್ ಲೈನಿನಲ್ಲೂ ಪಾನನಿಷೇಧದ ಸಭೆ ಇದೆ. ನಿಮ್ಮ ಸಾಹೇಬರು ಬಂದು ಅದೇ ಪಾತ್ರ ಮಾಡಬೇಕಂತೆ. ಬರುವಾಗ ಆ ಔಷಧಿ ನಾಲ್ಕು ಬಾಟ್ಲಿ ಹೆಚ್ಚಿಗೆ ತರಬೇಕಂತೆ. ನಮ್ಮ ಲೈನಿನಲ್ಲೂ ಬಹಳ ಜನಕ್ಕೆ ನಿದ್ದೆ ಬರೋದಿಲ್ಲ."