ಜಪಾನಿನ ಮಂಜನ ಮೇಲೆ ಚಿಕ್ಕಮ್ಮನ ಮುನಿಸು

ನನ್ನ ಚಿಕ್ಕಮ್ಮ ಜಪಾನಿನ ಒಬ್ಬ ಹೈಸ್ಕೂಲು ಹುಡುಗನ ಜೊತೆ ಮಾತು ಬಿಟ್ಟಿದ್ದಾಳೆ. ಹುಡುಗನಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಾಗುವ ಸಂಭವವೂ ಇಲ್ಲ, ಯಾಕೆಂದರೆ ಅವನು ಬರೀ ಚಿತ್ರ. ಯಾರೋ ಕೂತು ಗೆರೆ ಎಳೆದು, ಬಣ್ಣ ತುಂಬಿ, ಟೀವಿಯೊಳಗೆ ಓಡಾಡಲು ಬಿಟ್ಟ ಹುಡುಗ. ಆದರೆ ಮುನಿಸಿಕೊಳ್ಳಲು ಎದುರಿನವರು ಬದುಕಿರಲೇಬೇಕು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ? ಎಂದೋ ತೀರಿಹೋದ ಅತ್ತೆಯ ಮೇಲಿನ ಸಿಟ್ಟನ್ನೇ ಚಿಕ್ಕಮ್ಮ ಇನ್ನೂ ಇಳಿಸಿಲ್ಲ. ಇನ್ನು ಹುಟ್ಟದೇ ಇರುವವನನ್ನು ಸುಮ್ಮನೆ ಬಿಡುತ್ತಾಳೆಯೇ!

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಹಲಸೂರಿನ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಮನೆ. ಚಿಕ್ಕಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು; ಜೀವಮಾನವಿಡೀ ವಿಮಾನದ ಸಣ್ಣ ಸಣ್ಣ ಭಾಗಗಳನ್ನು ಒರೆಸಿ, ಅಳೆದು, ಜೋಪಾನವಾಗಿ ಡಬ್ಬಿಯಲ್ಲಿಟ್ಟವರು. ಮನೆಯಲ್ಲಿ ಲೋಟ ಇಡುವಾಗಲೂ ಸದ್ದಾಗದಂತೆ ಇಡುತ್ತಾರೆ. ನಾನಿರುವುದು ಜೀವನ್ ಬಿಮಾ ನಗರದಲ್ಲಿ. ಬೆಳಗಿನ ಹೊತ್ತು ಸ್ಕೂಟರಿನಲ್ಲಿ ಹೋದರೆ ಅವರ ಮನೆ ಪಕ್ಕದ ಬೀದಿ, ಸಂಜೆ ಹೋದರೆ ಪಕ್ಕದ ರಾಜ್ಯ.

ಹೋದ ವರ್ಷ ಚಿಕ್ಕಮ್ಮನಿಗೆ ಸರ್ಪಸುತ್ತು ಆಯಿತು. ಒಂದೇ ಮಗ್ಗುಲಲ್ಲಿ ಮಲಗಬೇಕು, ಒಲೆಯ ಹತ್ತಿರ ಹೋಗಬಾರದು, ದೇವಸ್ಥಾನ ಇಲ್ಲ, ತರಕಾರಿ ಗಾಡಿಯವನ ಜೊತೆ ಜಗಳವೂ ಇಲ್ಲ. ಉಳಿದಿದ್ದು ಟೀವಿ. ಧಾರಾವಾಹಿಗಳಲ್ಲಿ ಸೊಸೆಯಂದಿರು ಅಳುವುದನ್ನು ನೋಡಿ ಚಿಕ್ಕಮ್ಮನ ಉರಿ ಇನ್ನಷ್ಟು ಏರುತ್ತಿತ್ತು. ಯಾರೂ ಯಾರ ಮೇಲೂ ಪಿತೂರಿ ಮಾಡದ ಏನಾದರೂ ಹಾಕು ಅಂದಳು. ನಾನು ಆಗ ನೋಡುತ್ತಿದ್ದ ಒಂದು ಜಪಾನಿ ಅನಿಮೆಯನ್ನು, ಅಂದರೆ ಅವರ ಕಾರ್ಟೂನ್ ಧಾರಾವಾಹಿಯನ್ನು, ಹಾಕಿಕೊಟ್ಟೆ. ಅದರಲ್ಲಿ ನಡೆಯುವುದು ಇಷ್ಟೇ: ಸಮುದ್ರದ ದಡದ ಒಂದು ಸಣ್ಣ ಊರು, ಅಲ್ಲೊಂದು ಶಾಲೆ, ಶಾಲೆಗೆ ಸದಾ ಸೋಲುವ ಬೇಸ್‌ಬಾಲ್ ತಂಡ. ಹುಡುಗರು ಅಭ್ಯಾಸ ಮಾಡುತ್ತಾರೆ, ಬಸ್ಸು ತಪ್ಪಿಸಿಕೊಳ್ಳುತ್ತಾರೆ, ಬೇಕರಿಯಲ್ಲಿ ಬ್ರೆಡ್ಡು ತಿನ್ನುತ್ತಾರೆ. ಚೆಂಡು ಎಸೆಯುವ ಹುಡುಗನೊಬ್ಬ ಬಾಯಿ ಬಿಡುವುದೇ ಇಲ್ಲ. ಬಾಲ್ಯದಿಂದ ಅವನ ಜೊತೆ ಆಡಿದ ಹುಡುಗಿಯೊಬ್ಬಳು ಈಗ ಅದೇ ತಂಡದ ಉಸ್ತುವಾರಿ ನೋಡಿಕೊಳ್ಳುತ್ತಾಳೆ. ಇಬ್ಬರೂ ಸಂಜೆ ಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ಮನೆಗೆ ಹೋಗುತ್ತಾರೆ. "ಚಳಿ ಶುರುವಾಯಿತು" ಅಂತ ಅವನು ಹೇಳುವುದಕ್ಕೇ ಅರ್ಧ ಕಥೆ ಮುಗಿದಿರುತ್ತದೆ.

ಚಿಕ್ಕಮ್ಮ ಮೊದಲು ಮಾಡಿದ ಕೆಲಸ, ಇಬ್ಬರಿಗೂ ನಾಮಕರಣ. ಹುಡುಗ ಮಂಜ, ಹುಡುಗಿ ಗೌರಿ. ಜಪಾನಿ ಹೆಸರು ನಾಲಿಗೆಗೆ ಹೊರಳುವುದಿಲ್ಲವೇ ಅಂತ ಕೇಳಿದೆ. "ಹೊರಳತ್ತೆ. ಆದ್ರೆ ಬೈಯೋವಾಗ ನಮ್ಮ ಹೆಸರೇ ಇದ್ರೆ ಸಲೀಸು," ಅಂದಳು.

ಎರಡನೆಯ ಕೆಲಸ, ಅನುವಾದ. ಮಾತು ಜಪಾನಿಯಲ್ಲಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನಲ್ಲಿ. ಚಿಕ್ಕಪ್ಪನ ಕಣ್ಣು ಅಷ್ಟು ವೇಗಕ್ಕೆ ಓಡುವುದಿಲ್ಲ. ಹಾಗಾಗಿ ಚಿಕ್ಕಮ್ಮ ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಗೌರಿ ಪರದೆಯ ಮೇಲೆ "ಊಟ ಆಯ್ತಾ?" ಅಂತ ಕೇಳಿದರೆ, ಚಿಕ್ಕಮ್ಮನ ಕನ್ನಡದಲ್ಲಿ ಅದು, "ಲೋ ಮಂಜ, ನಿನ್ ಬಟ್ಟೆ ನೀನೇ ಒಗಿ, ನಾನೇನು ನಿಮ್ಮನೆ ಆಳಲ್ಲ" ಅಂತ ಆಗುತ್ತಿತ್ತು.

"ಅಷ್ಟುದ್ದ ಹೇಳಿದ್ಲಾ?" ಚಿಕ್ಕಪ್ಪ ಅನುಮಾನದಿಂದ ಕೇಳುತ್ತಿದ್ದರು.

"ಆ ಭಾಷೇನೇ ಹಂಗೆ ಕಣ್ರೀ. ಚಿಕ್ಕದರಲ್ಲಿ ದೊಡ್ಡದು ಹೇಳ್ತಾರೆ."

ಒಂದು ದಿನ ನಾನೂ ಜೊತೆಗೆ ಕೂತು ನೋಡುತ್ತಿದ್ದೆ. ಪರದೆಯ ಮೇಲೆ ಕ್ಯಾಚರ್ ಹುಡುಗ ಕೂತಿದ್ದ. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಸೆದ ಚೆಂಡನ್ನೆಲ್ಲ ಹಿಡಿಯುವವನು. ಚಿಕ್ಕಮ್ಮ ಹಾಸಿಗೆಯಿಂದಲೇ, "ಕೂತಿರೋದು ತಪ್ಪು. ಹಿಮ್ಮಡಿ ಊರಬಾರದು," ಅಂದಳು.

"ನಿನಗೆ ಹೇಗೆ ಗೊತ್ತು?"

"ನಾನು ಕೂರ್ತಿದ್ದೆ."

ಹುಟ್ಟಿದಾಗಿನಿಂದ ಅವಳ ಕೈತುತ್ತು ತಿಂದು ಬೆಳೆದವಳು ನಾನು. ಅವಳ ಸಾರಿನ ಪುಡಿಯ ಅಳತೆ ಗೊತ್ತು, ಸೀರೆಯ ಸಂಖ್ಯೆ ಗೊತ್ತು, ಇದು ಗೊತ್ತಿರಲಿಲ್ಲ. ಅಮ್ಮನಿಗೆ ಫೋನು ಮಾಡಿದೆ. ಅಮ್ಮ ನಿನ್ನೆಯ ಹಾಲಿನ ವಿಷಯ ಹೇಳಿದಷ್ಟು ಸಲೀಸಾಗಿ, "ಹೌದು ಕಣೆ. ಕಂಟೋನ್ಮೆಂಟಲ್ಲಿ ಕಾಲೇಜಿಗೆ ಹೋಗೋವಾಗ ಸಾಫ್ಟ್‌ಬಾಲ್ ಆಡ್ತಿದ್ಲು, ಅದೂ ಬೇಸ್‌ಬಾಲ್ ಥರಾನೇ. ರಾಜ್ಯದ ತಂಡಕ್ಕೆ ಆರಿಸ್ತೀವಿ ಬಾ ಅಂತ ಕರೆದಿದ್ರು. ಅದೇ ಹೊತ್ತಿಗೆ ಗಂಡಿನ ಕಡೆಯೋರು ನೋಡೋಕೆ ಬಂದ್ರು," ಅಂದಳು.

"ಆಮೇಲೆ?"

"ಆಮೇಲೇನು, ಮದುವೆ ಆಯ್ತಲ್ಲ."

ಅಮ್ಮನ ಪ್ರಕಾರ ಕಥೆ ಅಲ್ಲಿಗೆ ಸುಖಾಂತ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎರಡು ಪಕ್ಷಗಳಾದವು. ಚಿಕ್ಕಪ್ಪ ಮಂಜನ ಪಕ್ಷ. ಪಾಪದ ಹುಡುಗ, ಪ್ರೀತಿ ಹೇಳಿಕೊಳ್ಳಲು ಒದ್ದಾಡುತ್ತಾನೆ, ಬಾಯಿಗೆ ಬಂದಿದ್ದನ್ನು ನುಂಗುತ್ತಾನೆ ಅಂತ ಅವರ ಸಂಕಟ. ಸೇತುವೆಯ ದೃಶ್ಯ ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕನ್ನಡಕದಲ್ಲಿ ಧೂಳಂತೆ! ಚಿಕ್ಕಮ್ಮನದು ಗೌರಿಯ ಪಕ್ಷ, ಆದರೆ ಪ್ರೀತಿಗೆ ವಿರೋಧ ಪಕ್ಷ. ಅವಳ ತಕರಾರು ಸರಳ. ಮೊದಲ ಕಂತಿನಲ್ಲೇ ತೋರಿಸಿದ್ದಾರೆ, ಚಿಕ್ಕಂದಿನಲ್ಲಿ ಗೌರಿ ಎಸೆದ ಚೆಂಡನ್ನು ಮಂಜನಿಗೆ ಹಿಡಿಯಲು ಆಗುತ್ತಿರಲಿಲ್ಲ. ಅಂಥವಳು ಈಗ ಹುಡುಗರ ಬಟ್ಟೆ ಒಗೆಯುತ್ತಾಳೆ, ನಿಂಬೆಹಣ್ಣು ಹೆಚ್ಚಿಕೊಡುತ್ತಾಳೆ.

"ನೋಡು ಪುಟ್ಟೀ," ಅಂತ ನನ್ನೆದುರು ವಾದ ಮಂಡಿಸಿದಳು. "ಮಂಜ ಮೊದಲು ಹೆದರ್ತಿದ್ದ, ಈಗ ಧೈರ್ಯ ಬಂತು. ಆ ದಪ್ಪ ಹುಡುಗ ಸೋಮಾರಿ ಇದ್ದ, ಈಗ ಓಡ್ತಾನೆ. ಆ ಮುದಿ ಮೇಷ್ಟ್ರು ಕೂಡ ಸಿಡುಕೋದು ಬಿಟ್ರು. ಎಲ್ಲರೂ ಬೆಳೆದ್ರು. ಇವಳೊಬ್ಬಳು ಏನ್ ಮಾಡಿದ್ಲು? ಕೆನ್ನೆ ಕೆಂಪು ಮಾಡ್ಕೊಂಡ್ಲು."

"ಅವನು ಅವಳಿಗೋಸ್ಕರಾನೇ ಆಡ್ತಿದಾನೆ ಕಣೇ," ಚಿಕ್ಕಪ್ಪ ಮೆಲ್ಲಗೆ ಹೇಳಿದರು.

"ಅವಳಿಗೋಸ್ಕರ ಅವನು ಆಡೋದು ಬೇಡ. ಅವಳಿಗೋಸ್ಕರ ಅವಳೇ ಆಡ್ಲಿ. ಮೊದಲು ಕೈಗೆ ಗ್ಲೌ ಕೊಡ್ಲಿ, ಆಮೇಲೆ ಹೂ ಕೊಡ್ಲಿ."

ಮರುದಿನದಿಂದ ಹೊಸ ಕಾನೂನು ಬಂತು. ಮಂಜನ ಪಕ್ಷದವರು ಅವರವರ ಬಟ್ಟೆ ಅವರವರೇ ಒಗೆದುಕೊಳ್ಳಬೇಕು. ಚಿಕ್ಕಪ್ಪ ಪಕ್ಷಾಂತರ ಮಾಡಲಿಲ್ಲ. ಬನಿಯನ್ನುಗಳನ್ನು ಒಗೆದು, ಹಿಂಡಿ, ವಿಮಾನದ ಬಿಡಿಭಾಗಗಳ ಹಾಗೆ ಒಂದೇ ಅಂತರದಲ್ಲಿ ಹರವಿದರು.

ಮೈ ಹುಷಾರಾದ ಕೂಡಲೇ ಚಿಕ್ಕಮ್ಮ ದೇವಸ್ಥಾನಕ್ಕೆ ಹೊರಟಳು. ಜೊತೆಗೆ ನಾನಿದ್ದೆ. ಅರ್ಚನೆ ಚೀಟಿ ಕೊಟ್ಟಾಗ ಅರ್ಚಕರು, "ಗೋತ್ರ?" ಅಂದರು.

"ಗೊತ್ತಿಲ್ಲ."

"ಹಾಗಾದ್ರೆ ಕಾಶ್ಯಪ. ನಕ್ಷತ್ರ?"

"ಅದೂ ಗೊತ್ತಿಲ್ಲ. ಹೆಣ್ಣು ಮಗು, ಗೌರಿ ಅಂತ. ದೂರದ ದೇಶದಲ್ಲಿದೆ."

"ಕಂಕಣಭಾಗ್ಯ ಕೂಡಿ ಬರ್ಲಿ ಅಂತ ತಾನೇ?"

"ಅಲ್ಲ ಸ್ವಾಮಿ. ಆ ಹುಡುಗರ ಬಟ್ಟೆ ಒಗೆಯೋದು ಬಿಡ್ಲಿ ಅಂತ."

ಅರ್ಚಕರ ಕೈಯಲ್ಲಿದ್ದ ಕುಂಕುಮ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ, "ಪರದೇಶದಲ್ಲಿ ಮಕ್ಕಳಿಗೆ ಎಷ್ಟು ಕಷ್ಟ ನೋಡಿ," ಅನ್ನುತ್ತ ಇನ್ನೊಂದು ಬಾಳೆಹಣ್ಣು ಕೊಟ್ಟರು.

ಸುದ್ದಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಹರಡಿತು. ಅಲ್ಲಿ ಚಿಕ್ಕಪ್ಪನ ಅಣ್ಣ ಅಕ್ಕಂದಿರ ದೊಡ್ಡ ಬಳಗ. ಹಿಂದೆ ಹೊಲವಿದ್ದ ಕಡೆ ಈಗ ಅವರದೇ ಬಾಡಿಗೆ ಮನೆಗಳ ಸಾಲು. ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಚಿಕ್ಕಪ್ಪನ ಅಕ್ಕ ಎಲ್ಲರಿಗೂ ಕೇಳುವಂತೆ, "ಏನಮ್ಮಾ, ಮಕ್ಕಳು ನೋಡೋ ಕಾರ್ಟೂನ್ ನೋಡಿ ಗಂಡನ ಹತ್ರ ಬಟ್ಟೆ ಒಗೆಸ್ತೀಯಂತೆ," ಅಂದರು. ಎಲೆಗಳ ಸಾಲು ನಕ್ಕಿತು.

ಚಿಕ್ಕಮ್ಮ ಅವರ ಎಲೆಗೆ ಹುರುಳಿಕಾಯಿ ಪಲ್ಯ ಬಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹೌದು ಅತ್ತಿಗೆ. ನೀವು ನೋಡೋ ದೊಡ್ಡೋರ ಸೀರಿಯಲ್ಲಲ್ಲಿ ಸೊಸೆಗೆ ವಿಷ ಹಾಕ್ತಾರೆ. ನಾನು ನೋಡೋದ್ರಲ್ಲಿ ಚೆಂಡು ಹಿಡೀತಾರೆ."

"ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ?"

"ಆಗ್ತಿತ್ತು ಅತ್ತಿಗೆ. ಈಗ ಸಾಕಾಯ್ತು. ಇನ್ನೊಂಚೂರು ಪಲ್ಯ?"

ಕೊನೆಯ ಕಂತು ಬಂತು. ಮೂವರೂ ಕೂತೆವು. ತಂಡ ಗೆದ್ದಿತೋ ಸೋತಿತೋ ಅದು ಮುಖ್ಯವಲ್ಲ. ಮುಖ್ಯವಾದದ್ದು ಸೇತುವೆ. ಮಂಜ ಕೊನೆಗೂ ಸೈಕಲ್ ನಿಲ್ಲಿಸಿದ. ಕೊನೆಗೂ ಬಾಯಿ ಬಿಟ್ಟ. ನೀನು ನೋಡುತ್ತಿರುತ್ತೀ ಅನ್ನುವ ಧೈರ್ಯದಲ್ಲೇ ನಾನು ಎಸೆಯುತ್ತೇನೆ, ಯಾವಾಗಲೂ ನೋಡುತ್ತಲೇ ಇರು ಅಂದ. ಚಿಕ್ಕಪ್ಪ ಕನ್ನಡಕ ತೆಗೆದರು. ಗೌರಿ ತಲೆ ಎತ್ತಿದಳು, ತುಟಿ ಬಿಚ್ಚಿದಳು, ಅಷ್ಟರಲ್ಲಿ ಚಿಕ್ಕಮ್ಮ ಟೀವಿಯ ಸ್ವಿಚ್ಚನ್ನೇ ಆರಿಸಿಬಿಟ್ಟಳು.

"ಅಯ್ಯೋ, ಅವಳೇನಂದ್ಲೋ," ಚಿಕ್ಕಪ್ಪ ಅರ್ಧ ಎದ್ದರು.

"ಏನಂತಾಳೆ? ಹೂಂ ಅಂತಾಳೆ. ನಾವೆಲ್ಲ ಅಂದಿಲ್ವಾ?"

ಚಿಕ್ಕಪ್ಪ ಮತ್ತೆ ಕೂತು ಕನ್ನಡಕ ಹಾಕಿಕೊಂಡರು. ಚಿಕ್ಕಮ್ಮ ಮಂಜನ ಜೊತೆ ಮಾತು ಬಿಟ್ಟಿದ್ದು ಆ ಸಂಜೆಯಿಂದ.

ಮುಂದಿನ ಭಾನುವಾರ ಬೆಳಿಗ್ಗೆ ಅವಳ ಫೋನು. "ಸ್ಕೂಟರ್ ತಗೊಂಡ್ ಬಾ. ಇಂದಿರಾನಗರಕ್ಕೆ ಹೋಗ್ಬೇಕು." ಅಲ್ಲಿಯ ಒಂದು ಮೈದಾನದಲ್ಲಿ ಆಫೀಸಿನ ಹುಡುಗ ಹುಡುಗಿಯರು ರಜೆಯ ದಿನ ಸಾಫ್ಟ್‌ಬಾಲ್ ಆಡುತ್ತಾರೆಂದು ಎಲ್ಲಿಂದಲೋ ಪತ್ತೆ ಮಾಡಿದ್ದಳು. ಕಾಟನ್ ಸೀರೆಯನ್ನು ಗಿಡ್ಡಕ್ಕೆ ಉಟ್ಟು, ಚಿಕ್ಕಪ್ಪನ ಕ್ಯಾನ್ವಾಸ್ ಶೂ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಚಿಕ್ಕಪ್ಪ ನೀರಿನ ಬಾಟಲಿ ಹಿಡಿದು ಆಟೋದಲ್ಲಿ ಹಿಂದೆ ಬಂದರು.

ತಂಡದ ನಾಯಕಿ ಹುಬ್ಬಳ್ಳಿ ಕಡೆಯ ಹುಡುಗಿ, ಒಳ್ಳೆಯವಳು. "ಆಂಟೀ, ಬಾಲ್ ಭಾಳ ಬಿರುಸು ಬರ್ತೈತ್ರಿ. ಇಲ್ಲಿ ನೆರಳಾಗ ಕುಂದರ್‍ರಿ," ಅಂದಳು. ಸ್ವಲ್ಪ ಯೋಚಿಸಿ, ಬೇಜಾರಾಗದಿರಲಿ ಅಂತ, "ಸ್ಕೋರ್ ಬರೀತೀರೇನ್ರಿ?" ಅಂತ ಸೇರಿಸಿದಳು.

ನಾನು ಕಣ್ಣು ಮುಚ್ಚಿಕೊಂಡೆ. ಇಡೀ ಬೆಂಗಳೂರಿನಲ್ಲಿ ಚಿಕ್ಕಮ್ಮನಿಗೆ ಹೇಳಬಾರದ ಮಾತೊಂದಿದ್ದರೆ ಅದೇ ಆಗಿತ್ತು.

"ಬರೆಯೋದು ಅವರು ಬರೀತಾರೆ," ಚಿಕ್ಕಮ್ಮ ಚಿಕ್ಕಪ್ಪನತ್ತ ಕೈ ತೋರಿಸಿದಳು. "ನಾನು ಹಿಡೀತೀನಿ. ಗ್ಲೌ ಕೊಡಮ್ಮ."

ಗ್ಲೌ ಕೊಟ್ಟರು. ಎದುರಿನ ಹುಡುಗ ಮಗುವಿಗೆ ಬಲೂನು ಕೊಡುವಂತೆ ಒಂದು ಚೆಂಡು ತೇಲಿಸಿದ. ಚಿಕ್ಕಮ್ಮ ಅದನ್ನು ಹಿಡಿಯಲೇ ಇಲ್ಲ, ಬೀಳಲು ಬಿಟ್ಟಳು. "ಹಿಂಗೆಲ್ಲ ಬೇಡ ಕಣಪ್ಪ. ಸರಿಯಾಗಿ ಎಸಿ." ಅವನು ನಾಯಕಿಯ ಮುಖ ನೋಡಿದ, ಸರಿಯಾಗಿಯೇ ಎಸೆದ. ಚೆಂಡು ಗ್ಲೌ ದಾಟಿ ಭುಜಕ್ಕೆ ಬಡಿಯಿತು. ಮೈದಾನವೆಲ್ಲ ಓಡಿ ಬಂತು. ಐಸು ತಂದರು, ಕುರ್ಚಿ ತಂದರು, ಸಾರಿ ಆಂಟಿ ಸಾರಿ ಆಂಟಿ ಅಂದರು. ಮುಂದಿನ ವಾರ ಬನ್ನಿ ಅಂತ ಬಾಯಲ್ಲಿ ಹೇಳಿದರು, ಬರಬೇಡಿ ಅಂತ ಕಣ್ಣಲ್ಲಿ ಹೇಳಿದರು.

ಚಿಕ್ಕಮ್ಮ ಮನೆ ಮುಂದೆ ಸ್ಕೂಟರಿನಿಂದ ಇಳಿದು, "ಕೈ ಮರೆತಿದೆ ಅಷ್ಟೇ. ಕೈಗೆ ನೆನಪು ಮಾಡ್ಬೇಕು," ಅಂದಳು. ಆ ವಾರವೇ ಒಂದು ಗ್ಲೌ, ಒಂದು ಚೆಂಡು ಮನೆಗೆ ಬಂದವು. ಆದರೆ ಎಸೆಯುವವರು ಬೇಕಲ್ಲ? ನಾನೊಮ್ಮೆ ಎಸೆದು ನೋಡಿದೆ. ಚೆಂಡು ಪಕ್ಕದ ಮನೆಯ ತಾರಸಿಯಲ್ಲಿ ಒಣಗಿಸಿದ್ದ ಸಂಡಿಗೆಯ ಮೇಲೆ ಬಿತ್ತು. ನನ್ನನ್ನು ತಂಡದಿಂದ ತೆಗೆದುಹಾಕಲಾಯಿತು.

ಉಳಿದವರು ಚಿಕ್ಕಪ್ಪ.

ದಿನಾ ಸಂಜೆ ತಾರಸಿಯ ಮೇಲೆ ಅವರ ಅಭ್ಯಾಸ ಶುರುವಾಯಿತು. ನೀರಿನ ಟ್ಯಾಂಕಿನ ಪಕ್ಕ ಚಿಕ್ಕಮ್ಮ ಪೂರ್ತಿ ಕೂರಲಾಗದೆ ಅರ್ಧ ಬಗ್ಗಿ ನಿಲ್ಲುವಳು, ಬಟ್ಟೆ ಒಣಗಿಸುವ ತಂತಿಯ ಆಚೆ ಚಿಕ್ಕಪ್ಪ. ಅವರು ಚೆಂಡು ಎಸೆಯುತ್ತಿರಲಿಲ್ಲ, ತಲುಪಿಸುತ್ತಿದ್ದರು. ಹಾಲಿನ ಲೋಟ ಕೈಗೆ ಕೊಡುವಷ್ಟು ಮೆತ್ತಗೆ. ಚಿಕ್ಕಮ್ಮ ಬೈದಳು, ರೇಗಿದಳು, ಗ್ಲೌ ನೆಲಕ್ಕೆ ಒಗೆದಳು. ಅವರು ತಲೆಯಾಡಿಸಿ ಮತ್ತೆ ಅಷ್ಟೇ ಮೆತ್ತಗೆ ಕಳಿಸುತ್ತಿದ್ದರು. ಎಷ್ಟೋ ವಾರ ಹೀಗೇ ನಡೆಯಿತು.

ಮೊನ್ನೆ ನಾನು ಮೇಲೆ ಹತ್ತಿ ಹೋದಾಗ ಇಬ್ಬರೂ ಆಟ ನಿಲ್ಲಿಸಿ ನಿಂತಿದ್ದರು. ಚಿಕ್ಕಪ್ಪನ ಕೈಯಲ್ಲಿ ಚೆಂಡಿತ್ತು.

"ಆಗಲ್ಲ ಕಣೇ," ಅವರು ಅನ್ನುತ್ತಿದ್ದರು. "ಅವತ್ತು ಭುಜಕ್ಕೆ ಬಿದ್ದಿದ್ದು ನೋಡಿದೀನಿ. ನಿನ್ ಮೇಲೆ ಹೇಗೆ ಜೋರಾಗಿ ಎಸೀಲಿ? ಕೈಯೇ ಬರಲ್ಲ."

ಚಿಕ್ಕಮ್ಮ ಈ ಸಲ ರೇಗಲಿಲ್ಲ. ತಂತಿಯ ಕೆಳಗೆ ತಲೆ ಬಗ್ಗಿಸಿ ದಾಟಿ ಅವರ ಹತ್ತಿರ ಹೋದಳು.

"ರೀ, ನೀವು ನನ್ನ ಚೆನ್ನಾಗಿ ನೋಡ್ಕೊಂಡ್ರಿ. ಇಲ್ಲ ಅನ್ನಲ್ಲ. ಅಪ್ಪನೂ ನೋಡ್ಕೊಂಡ್ರು, ಅಕ್ಕನೂ ನೋಡ್ಕೊಂಡ್ಲು. ಎಲ್ಲರೂ ಮೆತ್ತಗೆ ಕೈಗೇ ಕೊಟ್ರಿ. ಇವಳು ಹಿಡೀತಾಳೆ ಅಂತ ನಂಬಿ ಯಾರೂ ಎಸೀಲೇ ಇಲ್ಲ. ನೀವಾದ್ರೂ ನಂಬ್ರೀ."

ಹೇಳಿ, ಹಿಂದೆ ತಿರುಗಿ, ತನ್ನ ಜಾಗಕ್ಕೆ ಹೋಗಿ ಬಗ್ಗಿ ನಿಂತಳು.

ಚಿಕ್ಕಪ್ಪ ಚೆಂಡನ್ನು ಅಂಗಿಗೆ ಒರೆಸಿದರು. ಕನ್ನಡಕ ಸರಿಮಾಡಿಕೊಂಡರು. ಲೋಟವನ್ನೂ ಸದ್ದಾಗದಂತೆ ಇಡುವ ಆ ಮನುಷ್ಯ ಕೈಯನ್ನು ಹಿಂದಕ್ಕೆ ಒಯ್ದು, ಒಂದು ಹೆಜ್ಜೆ ಮುಂದಿಟ್ಟು, ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಎಸೆದರು. ಚಟ್ ಅಂತ ಸದ್ದಾಯಿತು. ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು.

ಚೆಂಡು ಗ್ಲೌವಿನಲ್ಲಿತ್ತು. ಚಿಕ್ಕಮ್ಮ ತಲೆ ಬಗ್ಗಿಸಿಕೊಂಡು, ಗ್ಲೌವನ್ನು ಎದೆಗೆ ಒತ್ತಿಕೊಂಡು, ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟಳು. ಚಿಕ್ಕಪ್ಪ ಗಾಬರಿಯಾಗಿ ಓಡಿದರು. ಗ್ಲೌ ಬಿಚ್ಚಿ, ಅವಳ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬಿಸಿ ತಾಗಿದ ಮಗುವಿಗೆ ಊದುವಂತೆ ಊದತೊಡಗಿದರು.

"ನೋವಾಯ್ತಾ? ತುಂಬಾ ನೋವಾಯ್ತಾ?"

ಚಿಕ್ಕಮ್ಮನ ಕೆನ್ನೆ ಒದ್ದೆಯಾಗಿತ್ತು, ಆದರೆ ಅವಳು ನಗುತ್ತಿದ್ದಳು. ಅಷ್ಟು ದೊಡ್ಡ ನಗುವನ್ನು ನಾನು ಆ ಮುಖದಲ್ಲಿ ಕಂಡೇ ಇರಲಿಲ್ಲ. ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಮತ್ತೆ ಗ್ಲೌ ಏರಿಸಿದಳು.

"ಊದಬೇಡಿ," ಅಂದಳು. "ಹೋಗಿ, ಇನ್ನೊಂದು ಎಸೀರಿ."